ಬಿಸಿಯಾದಾಗ ನಿಂತು, ಆರಿದ ಮೇಲೆ ಓಡುವ 1930ರ ದಶಕದ ಫೋರ್ಡ್ ವಿ8: ದೋಷ ಹುಡುಕುವ ಬಗೆ

ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ, ಊರು ದಾಟುವವರೆಗೂ ಚೆನ್ನಾಗಿ ಓಡುತ್ತದೆ. ಏರು ಸಿಕ್ಕಿದ ಮೇಲೋ, ಮಧ್ಯಾಹ್ನದ ಟ್ರಾಫಿಕ್‌ನಲ್ಲಿ ಸ್ವಲ್ಪ ಹೊತ್ತು ನಿಂತ ಮೇಲೋ ಎಂಜಿನ್ ಸತ್ತುಹೋಗುತ್ತದೆ. ಎಷ್ಟು ಸೆಲ್ಫ್ ಹೊಡೆದರೂ ಜಪ್ಪಯ್ಯ ಅನ್ನುವುದಿಲ್ಲ. ಅರ್ಧ ಗಂಟೆ ಬಿಟ್ಟು ನೋಡಿದರೆ ಏನೂ ಆಗದವರಂತೆ ಹೊರಡುತ್ತದೆ. 1932ರಿಂದ 1939ರವರೆಗಿನ ಫೋರ್ಡ್ ವಿ8 (ಎಂಟು ಸಿಲಿಂಡರ್ ಎರಡು ಸಾಲಾಗಿ ವಿ ಆಕಾರದಲ್ಲಿರುವ ಎಂಜಿನ್ನಿನ ಕಾರು) ಇಟ್ಟುಕೊಂಡವರಲ್ಲಿ ಈ ದೂರು ತೀರಾ ಸಾಮಾನ್ಯ. ಗ್ಯಾರೇಜಿನಲ್ಲಿ ಸಿಗುವ ಉತ್ತರವೂ ಬಹುಮಟ್ಟಿಗೆ ಒಂದೇ: "ವೇಪರ್ ಲಾಕ್ ಸಾರ್, ಹಳೇ ಗಾಡಿ ಅಲ್ವಾ."

ಆ ಉತ್ತರವನ್ನು ಹಾಗೆಯೇ ಒಪ್ಪಿಕೊಳ್ಳಬೇಡಿ. ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಗಾಡಿ ನಿಲ್ಲುವುದು ನಿಜ. ಆದರೆ ಕಿಡಿಗೆ ಕರೆಂಟ್ ಕೊಡುವ ಕಾಯಿಲ್, ಅದರ ಜೊತೆ ಕೆಲಸ ಮಾಡುವ ಕಂಡೆನ್ಸರ್, ಟ್ಯಾಂಕಿನ ತುಕ್ಕು, ಮುಚ್ಚಳದ ಗಾಳಿರಂಧ್ರ ಇವೆಲ್ಲವೂ ಹೊರಗಿನಿಂದ ಅದೇ ಲಕ್ಷಣ ತೋರಿಸುತ್ತವೆ. ಇವನ್ನು ಬೇರ್ಪಡಿಸಲು ಇರುವ ಸಮಯ ಗಾಡಿ ನಿಂತ ಮೊದಲ ಹತ್ತು ನಿಮಿಷ ಮಾತ್ರ. ಎಂಜಿನ್ ಆರಿತು ಎಂದರೆ ಸಾಕ್ಷಿ ಹೋಯಿತು. ಟೋ ಮಾಡಿಸಿ ಗ್ಯಾರೇಜಿಗೆ ತಂದ ಗಾಡಿಯಲ್ಲಿ ಮೆಕ್ಯಾನಿಕ್ ಏನನ್ನೂ ಕಾಣಲಾರ, ಅಂದಾಜಿನ ಮೇಲೆ ಒಂದೊಂದೇ ಸಾಮಾನು ಬದಲಿಸುತ್ತಾ ಹೋಗುತ್ತಾನೆ. ಆದ್ದರಿಂದ ಈ ಪರೀಕ್ಷೆಗಳನ್ನು ರಸ್ತೆಬದಿಯಲ್ಲೇ ಮಾಡುವಂತೆ ಬರೆದಿದ್ದೇನೆ.

ಈ ಎಂಜಿನ್ ಯಾಕೆ ಇಷ್ಟು ಬಿಸಿ

ದೋಷ ಹುಡುಕುವ ಮುನ್ನ ಎಂಜಿನ್ ಹುಟ್ಟಿದ ರೀತಿಯನ್ನು ತಿಳಿದಿರಬೇಕು, ಏಕೆಂದರೆ ಇಲ್ಲಿನ ಪ್ರತಿಯೊಂದು ತೊಂದರೆಯ ಬೇರೂ ಅಲ್ಲಿದೆ. 1929ರಲ್ಲಿ ಷೆವ್ರೊಲೆ ನಾಲ್ಕು ಸಿಲಿಂಡರ್ ಕಾರಿನ ಬೆಲೆಗೇ ಆರು ಸಿಲಿಂಡರ್ ಕೊಡುತ್ತೇವೆ ಎಂದು ಮಾರುಕಟ್ಟೆಗೆ ಬಂತು. ಹೆನ್ರಿ ಫೋರ್ಡ್ ಆರಕ್ಕೆ ಆರರ ಉತ್ತರ ಕೊಡಲಿಲ್ಲ, ನೇರವಾಗಿ ಎಂಟಕ್ಕೆ ಹಾರಿದರು. ವಿ8 ಎಂಜಿನ್ ಆಗಲೂ ಹೊಸದಲ್ಲ, ಕ್ಯಾಡಿಲಾಕ್‌ನಂಥ ದುಬಾರಿ ಕಾರುಗಳಲ್ಲಿ ಇತ್ತು. ಅದನ್ನು ಸಾಮಾನ್ಯರ ಬೆಲೆಗೆ ಇಳಿಸಬೇಕಾದರೆ ಎರಡೂ ಸಾಲಿನ ಸಿಲಿಂಡರ್‌ಗಳನ್ನೂ ಕ್ರ್ಯಾಂಕ್‌ಕೇಸನ್ನೂ ಒಂದೇ ಎರಕದಲ್ಲಿ ತೆಗೆಯಬೇಕಿತ್ತು. ಡಿಯರ್‌ಬಾರ್ನ್‌ನ ಗ್ರೀನ್‌ಫೀಲ್ಡ್ ವಿಲೇಜಿನಲ್ಲಿ, ಫೋರ್ಟ್ ಮೈಯರ್ಸ್‌ನಿಂದ ತಂದು ನಿಲ್ಲಿಸಿದ್ದ ಎಡಿಸನ್ನರ ಹಳೆಯ ಪ್ರಯೋಗಶಾಲೆಯೊಳಗೆ, ಕಾರ್ಲ್ ಷುಲ್ಟ್ಜ್, ರೇ ಲೇರ್ಡ್, ಎಮಿಲ್ ಜೋರ್ಲೈನ್ ಮುಂತಾದ ಬೆರಳೆಣಿಕೆಯ ಜನ ಗುಟ್ಟಾಗಿ ಕೂತು ಇದನ್ನು ರೂಪಿಸಿದರು. 1932ರ ಮಾರ್ಚ್ ಕೊನೆಯಲ್ಲಿ ಮಾಡೆಲ್ 18 ಹೊರಬಂತು: 221 ಘನ ಇಂಚು, 65 ಅಶ್ವಶಕ್ತಿ, ರೋಡ್‌ಸ್ಟರಿನ ಬೆಲೆ 460 ಡಾಲರ್. ಜಗತ್ತೇ ಆರ್ಥಿಕ ಕುಸಿತದಲ್ಲಿದ್ದ ವರ್ಷದಲ್ಲಿ ಇಂಥ ಎಂಜಿನನ್ನು ಆ ಬೆಲೆಗೆ ಕೊಟ್ಟದ್ದು ದೊಡ್ಡ ಸಾಧನೆ. ಆ ಗೌರವ ಮನಸ್ಸಿನಲ್ಲಿಟ್ಟುಕೊಂಡೇ ಇದಕ್ಕೆ ಸ್ಪಾನರ್ ಹಚ್ಚಬೇಕು.

ಆದರೆ ಅಗ್ಗದ ಎರಕಕ್ಕೆ ತೆತ್ತ ಬೆಲೆಯೂ ಇದೆ. ವಾಲ್ವ್‌ಗಳು ಆ ಎರಕದ, ಅಂದರೆ ಬ್ಲಾಕಿನ, ಒಳಗಿವೆ. ಸುಟ್ಟ ಹೊಗೆ ವಿ ಆಕಾರದ ಒಳಮಗ್ಗುಲಿಂದ ಹೊರಟು, ಬ್ಲಾಕಿನ ಮೈಯೊಳಗೇ ಸಿಲಿಂಡರ್‌ಗಳ ನಡುವೆ ಹಾದು, ಹೊರಮಗ್ಗುಲಿಗೆ ಬರುತ್ತದೆ. ಆ ದಾರಿಯುದ್ದಕ್ಕೂ ಸುತ್ತ ಇರುವುದು ಕೂಲಿಂಗ್ ನೀರು. ಸೈಲೆನ್ಸರ್ ಪೈಪಿಗೆ ಹೋಗಬೇಕಾದ ಬಿಸಿಯಲ್ಲಿ ಒಂದು ಪಾಲು ರೇಡಿಯೇಟರಿಗೆ ಬಂದು ಬೀಳುತ್ತದೆ. ಪ್ರತಿ ಸಾಲಿನ ಮಧ್ಯದ ಎರಡು ಸಿಲಿಂಡರ್‌ಗಳಿಗೆ ಹೊಗೆಬಾಯಿ ಒಂದೇ ಆದ್ದರಿಂದ ಅಲ್ಲಿ ಶಾಖ ಇನ್ನೂ ಹೆಚ್ಚು. ಫ್ಯೂಯೆಲ್ ಪಂಪ್ ಇರುವುದು ಇನ್‌ಟೇಕ್ ಮ್ಯಾನಿಫೋಲ್ಡಿನ ಹಿಂದುಗಡೆ, ಬಾನೆಟ್ಟಿನೊಳಗಿನ ಅತಿ ಬಿಸಿ ಮೂಲೆಯಲ್ಲಿ. ಸಿಲಿಂಡರ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಜೋರ್ಲೈನ್ ಕ್ಯಾಮ್‌ಶಾಫ್ಟಿನ ಮುಂತುದಿಗೇ ಜೋಡಿಸಿದರು, ಕಾಯಿಲ್ ಅದರ ನೆತ್ತಿಯ ಮೇಲೆಯೇ ಕೂತಿದೆ. ಅಚ್ಚುಕಟ್ಟಾದ ಜೋಡಣೆ, ಆದರೆ ರೇಡಿಯೇಟರಿನ ಬಿಸಿಗಾಳಿಯನ್ನು ಫ್ಯಾನ್ ತಂದು ಸುರಿಯುವುದು ಸರಿಯಾಗಿ ಅದರ ಮೇಲೆ.

ಮೊದಲು ಗುರುತು ಹಿಡಿಯಿರಿ

ಕೈಪಿಡಿ ತೆರೆಯುವ ಮೊದಲು ಹೆಡ್ಡಿನ (ಸಿಲಿಂಡರ್ ಸಾಲನ್ನು ಮುಚ್ಚುವ ಭಾಗದ) ಮೇಲಿನ ನಟ್ ಎಣಿಸಿ. ಒಂದು ಹೆಡ್ಡಿಗೆ 21 ಇದ್ದರೆ 1932ರಿಂದ 1938ರ ಮೊದಲ ಭಾಗದವರೆಗಿನ ಎಂಜಿನ್. 24 ಇದ್ದರೆ ಅದರ ನಂತರದ್ದು. ನಮ್ಮಲ್ಲಿ ಇದು ಮುಖ್ಯ. ಎರಡನೇ ಮಹಾಯುದ್ಧದಲ್ಲಿ ಫೋರ್ಡ್ ಕೆನಡಾ ಮಾಡಿಕೊಟ್ಟ ಮಿಲಿಟರಿ ಲಾರಿಗಳಲ್ಲಿ 239 ಘನ ಇಂಚಿನ, 24 ನಟ್ಟಿನ ವಿ8 ಇತ್ತು. ಅಂಥ ಎಂಜಿನ್ ಹೊತ್ತ 1930ರ ದಶಕದ ಕಾರು ಸಿಕ್ಕರೆ ಆಶ್ಚರ್ಯಪಡಬೇಕಿಲ್ಲ. ಬಾಡಿ 1935ರದ್ದು ಎಂದು ಆ ವರ್ಷದ ಗ್ಯಾಸ್ಕೆಟ್, ವಾಟರ್ ಪಂಪ್ ತರಿಸಿದರೆ ಹಣ ವ್ಯರ್ಥ.

ಇನ್ನೊಂದು ಎಚ್ಚರ. ಅಮೆರಿಕದ ಪುಸ್ತಕಗಳು ಒಂದರಿಂದ ನಾಲ್ಕನೇ ಸಿಲಿಂಡರ್ 'ಪ್ಯಾಸೆಂಜರ್ ಕಡೆ' ಇದೆ ಎನ್ನುತ್ತವೆ. ಅವರ ಸ್ಟಿಯರಿಂಗ್ ಎಡಕ್ಕೆ. ನಮ್ಮಲ್ಲಿಗೆ ಬಂದವು ಬಲಗೈ ಸ್ಟಿಯರಿಂಗ್‌ನವು, 1926ರಲ್ಲೇ ಇಲ್ಲಿ ಅಂಗಸಂಸ್ಥೆ ತೆರೆದಿದ್ದ ಫೋರ್ಡ್ ಕೆನಡಾದ ಮೂಲಕ ಬಂದವು. ಹಾಗಾಗಿ ಆ ಸಾಲು ನಮಗೆ ಡ್ರೈವರ್ ಕಡೆ. ಸೀಟಿನಲ್ಲಿ ಕೂತು ಮುಂದೆ ನೋಡಿದಾಗ ಬಲಗಡೆ 1 ರಿಂದ 4, ಎಡಗಡೆ 5 ರಿಂದ 8, ಎರಡೂ ರೇಡಿಯೇಟರ್ ಕಡೆಯಿಂದ ಎಣಿಕೆ. ಉರಿಯುವ ಕ್ರಮ 1-5-4-8-6-3-7-2. ಬ್ಯಾಟರಿ 6 ವೋಲ್ಟ್, ಪಾಸಿಟಿವ್ ಅರ್ತ್ (ಅಂದರೆ ಪ್ಲಸ್ ತುದಿ ಗಾಡಿಯ ಮೈಗೆ). ಯಾರಾದರೂ 12 ವೋಲ್ಟ್ ಬ್ಯಾಟರಿ ಕೂರಿಸಿ ಕಾಯಿಲ್ಲಿಗೆ ಸರಿಯಾದ ರೆಸಿಸ್ಟರ್ ಹಾಕದೆ ಬಿಟ್ಟಿದ್ದರೆ, ಅರ್ಧ ಉತ್ತರ ಅಲ್ಲೇ ಸಿಕ್ಕಿತು ಎಂದು ತಿಳಿಯಿರಿ.

ನಿಂತ ಕ್ಷಣದಲ್ಲಿ

ಗಾಡಿ ಹೇಗೆ ನಿಂತಿತು ಎನ್ನುವುದೇ ಮೊದಲ ಸುಳಿವು. ಕೀ ತಿರುಗಿಸಿದ ಹಾಗೆ ಒಮ್ಮೆಗೇ ಸದ್ದಡಗಿದರೆ ಕರೆಂಟಿನ ಕಡೆ ನೋಡಿ. ಜರ್ಕ್ ಹೊಡೆದು, ಪಿಕಪ್ ಕಳೆದುಕೊಂಡು, ಆಕ್ಸಿಲರೇಟರ್ ಬಿಟ್ಟಾಗ ಸ್ವಲ್ಪ ಚೇತರಿಸಿಕೊಂಡು, ಮತ್ತೆ ಒತ್ತಿದಾಗ ಸೊರಗಿ ನಿಂತರೆ ಪೆಟ್ರೋಲ್ ಕಡೆ. ನಿಲ್ಲುವ ಮುನ್ನ ಏರಿನಲ್ಲಿ ಟಕಟಕ ನಾಕಿಂಗ್ ಕೇಳಿಸಿ, ರೇಡಿಯೇಟರಿನಿಂದ ಹಬೆ ಬಂದಿದ್ದರೆ ನೀರಿನ ಕಡೆ. ಡ್ರೈವ್ ಮಾಡಿದವರನ್ನು ಈ ಒಂದು ಪ್ರಶ್ನೆ ಕೇಳದೆ ಬಾನೆಟ್ ಎತ್ತಬಾರದು.

ಕೀ ಆಫ್ ಮಾಡಿ. ಎಂಜಿನ್ ನಿಂತಿರುವಾಗ ಪಾಯಿಂಟ್ (ಡಿಸ್ಟ್ರಿಬ್ಯೂಟರಿನೊಳಗೆ ಕಾಯಿಲ್ಲಿನ ಕರೆಂಟನ್ನು ಕೂಡಿಸಿ ಕಡಿಯುವ ಸಂಪರ್ಕ) ಮುಚ್ಚಿಕೊಂಡಿದ್ದರೆ ಕಾಯಿಲ್ಲಿನಲ್ಲಿ ಕರೆಂಟ್ ಹರಿಯುತ್ತಲೇ ಇರುತ್ತದೆ. ನೀವು ಮಾತಾಡುತ್ತಾ ನಿಂತಷ್ಟು ಹೊತ್ತೂ ಕಾಯಿಲ್ ಇನ್ನಷ್ಟು ಬಿಸಿಯಾಗುತ್ತದೆ.

ಈಗ ಹಿಂದೆ ಹೋಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿ, ಕಿವಿಗೊಟ್ಟು ಕೇಳಿ. 'ಸುಯ್' ಎಂದು ಗಾಳಿ ಒಳಗೆ ನುಗ್ಗಿದರೆ ಮುಚ್ಚಳದ ರಂಧ್ರ ಕಟ್ಟಿದೆ. ಪಂಪ್ ಎಳೆದಷ್ಟೂ ಟ್ಯಾಂಕಿನಲ್ಲಿ ನಿರ್ವಾತ ಬೆಳೆದು ಕೊನೆಗೆ ಪೆಟ್ರೋಲ್ ಬರುವುದೇ ನಿಂತಿದೆ. ಬೇರೆ ಗಾಡಿಯ ಮುಚ್ಚಳ ಹಾಕಿಸಿಕೊಂಡ ಕಾರುಗಳಲ್ಲಿ ಇದು ಆಗುತ್ತದೆ. ಖರ್ಚಿಲ್ಲದ ಪರೀಕ್ಷೆ, ಅದಕ್ಕೇ ಮೊದಲು.

ನಂತರ ಏರ್ ಫಿಲ್ಟರ್ ತೆಗೆದು ಕಾರ್ಬುರೇಟರಿನ ಬಾಯೊಳಗೆ ನೋಡುತ್ತಾ ಥ್ರಾಟಲನ್ನು ಕೈಯಿಂದ ಜೋರಾಗಿ ತಿರುಗಿಸಿ. 1930ರ ದಶಕದ ನಡುವಿನ ವರ್ಷಗಳ ಎರಡು ಬ್ಯಾರೆಲ್ (ಎರಡು ಬಾಯಿಯ) ಸ್ಟ್ರಾಂಬರ್ಗ್ ಕಾರ್ಬುರೇಟರ್ ಆದರೆ ಎರಡು ಸಣ್ಣ ಧಾರೆ ಚಿಮ್ಮಬೇಕು. ಚಿಮ್ಮಿತು ಎಂದರೆ ಕಾರ್ಬುರೇಟರಿನ ಬಟ್ಟಲಿನಲ್ಲಿ ಪೆಟ್ರೋಲ್ ಇದೆ, ವೇಪರ್ ಲಾಕ್ ಅಲ್ಲ, ಕಿಡಿ ನೋಡಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ನೀವು ಏನೂ ಮಾಡದೆಯೇ ಒಳಗೆ ಪೆಟ್ರೋಲ್ ತೊಟ್ಟಿಕ್ಕುತ್ತಾ ಘಾಟು ವಾಸನೆ ಬರುತ್ತಿದ್ದರೆ ಅದು ಮೂರನೆಯ ಬಗೆ. ಬಟ್ಟಲಿನ ಪೆಟ್ರೋಲ್ ಕುದಿದು ಉಕ್ಕಿ, ಎಂಜಿನ್ ಓವರ್‌ಫ್ಲೋ ಆಗಿದೆ. ಬಿಸಿ ಗಾಡಿಯನ್ನು ನಿಲ್ಲಿಸಿ ಟೀ ಕುಡಿದು ಬಂದಾಗ ಸ್ಟಾರ್ಟ್ ಆಗದಿರುವುದಕ್ಕೆ ಬಹಳ ಸಲ ಇದೇ ಕಾರಣ. ಚೋಕ್ ಮುಟ್ಟದೆ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆದರೆ ಹೊರಡುತ್ತದೆ. ಪದೇ ಪದೇ ಪಂಪ್ ಮಾಡಿ ಒತ್ತಿದರೆ ಇನ್ನಷ್ಟು ತುಂಬಿಕೊಳ್ಳುತ್ತದೆ.

ಕಿಡಿ

ಪ್ಲಗ್ ವೈರ್ ಒಂದನ್ನು ತೆಗೆದು, ಅದರ ತುದಿಯನ್ನು ಹೆಡ್ಡಿನ ನಟ್ಟಿನಿಂದ ಆರು ಮಿಲಿಮೀಟರ್ ದೂರ ಹಿಡಿದು, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಒಣಬಟ್ಟೆಯಿಂದ ಹಿಡಿಯಿರಿ, ಪೆಟ್ರೋಲ್ ಚೆಲ್ಲಿರುವ ಕಡೆ ಇದನ್ನು ಮಾಡಲೇಬೇಡಿ. ನೀಲಿ ಕಿಡಿ ಚಟಚಟ ಹಾರಿದರೆ ಕರೆಂಟು ಸರಿ. ಹಳದಿ, ತೆಳು, ಆಗೊಮ್ಮೆ ಈಗೊಮ್ಮೆ ಹಾರುವ ಕಿಡಿಯಾದರೆ ದೋಷ ಇಲ್ಲಿದೆ.

ಚಾರ್ಮಾಡಿ ಘಾಟಿಯಲ್ಲಿ 1936ರ ಸೆಡಾನ್ ಒಂದು ಹೀಗೆ ನಿಂತಾಗ ನಾನು ಪಕ್ಕದಲ್ಲಿದ್ದೆ. ಮಾಲೀಕರು ಕಾಫಿ ಬೆಳೆಗಾರರು. ಬಾಟಲಿ ನೀರು ಹಿಡಿದು ಫ್ಯೂಯೆಲ್ ಪಂಪಿನ ಮೇಲೆ ಸುರಿಯಲು ಹೊರಟಿದ್ದರು. ಜೊತೆಗೆ ಬಂದಿದ್ದ ವಯಸ್ಸಾದ ಮೇಸ್ತ್ರಿ ಕೈ ಹಿಡಿದು ತಡೆದರು: "ನೀರು ಹಾಕ್ಬೇಡಿ ಧಣೀ, ಮೊದ್ಲು ಕಿಡಿ ನೋಡುವ." ಕಿಡಿ ಸೂಜಿಯಷ್ಟು ತೆಳುವಾಗಿ, ಕಿತ್ತಳೆ ಬಣ್ಣದಲ್ಲಿ, ಎರಡು ಮಿಲಿಮೀಟರ್ ಕೂಡ ಹಾರಲಿಲ್ಲ. ಮೇಸ್ತ್ರಿ ಬಟ್ಟೆ ಒದ್ದೆ ಮಾಡಿ, ಹಿಂಡಿ, ಮುಂದುಗಡೆಯ ಕಾಯಿಲ್ಲಿನ ಕಪ್ಪು ಟೋಪಿಯ ಮೇಲೆ ಹೊದಿಸಿದರು. ಪಂಪಿನ ಕಡೆ ತಿರುಗಿಯೂ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಕಿಡಿ ನೀಲಿಗೆ ತಿರುಗಿತು, ಗಾಡಿ ಹೊರಟಿತು. ಆ ಕಾರಿಗೆ ಅದಕ್ಕೂ ಮುಂಚೆ ವೇಪರ್ ಲಾಕ್ ಹೆಸರಿನಲ್ಲಿ ಹೊಸ ಫ್ಯೂಯೆಲ್ ಪಂಪ್, ಹೊಸ ಪೈಪ್ ಎಲ್ಲ ಹಾಕಿಸಿ ಆಗಿತ್ತು.

ಈ ಒದ್ದೆ ಬಟ್ಟೆಯ ಪರೀಕ್ಷೆಗೆ ಒಂದೇ ನಿಯಮ: ಒಂದು ಸಲಕ್ಕೆ ಒಂದೇ ಕಡೆ. ಕಾಯಿಲ್ ಮೇಲೂ ಪಂಪ್ ಮೇಲೂ ಒಟ್ಟಿಗೆ ಹಾಕಿದರೆ ಗಾಡಿ ಸ್ಟಾರ್ಟ್ ಆದರೂ ನಿಮಗೆ ತಿಳಿದದ್ದು ಏನೂ ಇಲ್ಲ. ಬಟ್ಟೆಯನ್ನು ಚೆನ್ನಾಗಿ ಹಿಂಡಿರಬೇಕು. ಕಾದ ಬ್ಲಾಕು, ಹೆಡ್ಡುಗಳ ಮೇಲೆ ತಣ್ಣೀರು ಬಿದ್ದರೆ ಎರಕ ಸೀಳಬಹುದು.

ಕಾಯಿಲ್ಲೋ ಕಂಡೆನ್ಸರೋ ಎಂದು ತಿಳಿಯಲು ಪಾಯಿಂಟ್ ನೋಡಬೇಕು. ಪಾಯಿಂಟ್ ತೆರೆಯುವಾಗ ಅದರ ನಡುವೆಯೇ ದಪ್ಪ ಕಿಡಿ ಹಾರುತ್ತಾ, ಮುಖಗಳು ಸುಟ್ಟು ಒಂದು ಕಡೆ ಗುಳಿ, ಇನ್ನೊಂದು ಕಡೆ ಉಬ್ಬು ಎದ್ದಿದ್ದರೆ ಕಂಡೆನ್ಸರ್ ಹೋಗಿದೆ. ಅದು ಡಿಸ್ಟ್ರಿಬ್ಯೂಟರಿನ ಮೈಗೇ ಅಂಟಿಕೊಂಡಿರುವುದರಿಂದ ಎಂಜಿನ್ನಿನ ಬಿಸಿ ನೇರ ತಟ್ಟುತ್ತದೆ. ತಣ್ಣಗಿರುವಾಗ ಮೀಟರಿನಲ್ಲಿ ಸರಿಯಾಗಿ 0.3 ಮೈಕ್ರೋಫ್ಯಾರಡ್ ಆಸುಪಾಸು ತೋರಿಸಿ, ಬಿಸಿಯಾದಾಗ ಕೈಕೊಡುವ ಕಂಡೆನ್ಸರ್‌ಗಳು ಬಹಳ. ರಸ್ತೆಯಲ್ಲಿ ಬೇರೆ ಒಳ್ಳೆಯ ಕಂಡೆನ್ಸರ್ ಒಂದನ್ನು ವೈರ್‌ನಿಂದ ಹೊರಗೇ ಜೋಡಿಸಿ ನೋಡಬಹುದು. ಆದರೆ ಹಳೆಯದು ಒಳಗೇ ಶಾರ್ಟ್ ಆಗಿದ್ದರೆ, ಅದನ್ನು ಬಿಚ್ಚದೆ ಹೊಸದನ್ನು ಪಕ್ಕಕ್ಕೆ ಸೇರಿಸಿ ಪ್ರಯೋಜನವಿಲ್ಲ. ಹೊಸದಾಗಿ ತಯಾರಾಗಿ ಬರುವ ಕಂಡೆನ್ಸರ್‌ಗಳ ಗುಣಮಟ್ಟ ಒಂದೇ ಸಮ ಇರುವುದಿಲ್ಲ. ಹೊಸದು ಹಾಕಿದ ಮಾತ್ರಕ್ಕೆ ಅನುಮಾನದ ಪಟ್ಟಿಯಿಂದ ತೆಗೆಯಬೇಡಿ.

ಪಾಯಿಂಟ್ ಎರಡು ಜೊತೆ ಇವೆ. ಒಂದು ಕರೆಂಟಿನ ದಾರಿಯನ್ನು ಕೂಡಿಸಲು, ಇನ್ನೊಂದು ಕಡಿಯಲು. ಎಂಟು ಸಿಲಿಂಡರಿಗೆ ಒಂದೇ ಜೊತೆಯಾದರೆ ವೇಗದಲ್ಲಿ ಕಾಯಿಲ್ ತುಂಬಿಕೊಳ್ಳಲು ಸಮಯ ಸಾಲದು ಎಂದು ಹೀಗೆ ಮಾಡಿದ್ದಾರೆ. ಎರಡಕ್ಕೂ ಸಂದು 0.014 ರಿಂದ 0.016 ಇಂಚು. ಫ್ಯಾನಿನ ಹಿಂದೆ ಕೈ ತೂರಿಸಿ ಅಳೆಯಲು ಹೋಗಬೇಡಿ, ಡಿಸ್ಟ್ರಿಬ್ಯೂಟರನ್ನೇ ಬಿಚ್ಚಿ ಬೆಂಚಿನ ಮೇಲಿಡಿ. ಅದರ ತುದಿಯ ಕಚ್ಚು ನಡುವಿನಿಂದ ಸ್ವಲ್ಪ ಸರಿದಿರುವುದರಿಂದ ಮರಳಿ ಕೂರುವುದು ಒಂದೇ ರೀತಿ, ಟೈಮಿಂಗ್ (ಕಿಡಿ ಹಾರುವ ಹೊತ್ತು) ತಪ್ಪುವ ಭಯವಿಲ್ಲ.

ಪಾಯಿಂಟ್, ಕಂಡೆನ್ಸರ್ ಸರಿಯಿದ್ದೂ ಕಿಡಿ ಸೊರಗಿದರೆ ಕಾಯಿಲ್. ಒಳಗಿನ ಸುರುಳಿಯ ನಿರೋಧಕ ಪದರ ಹಳತಾಗಿ, ಬಿಸಿಗೆ ಒಳಗೊಳಗೇ ಶಾರ್ಟ್ ಆಗುತ್ತದೆ. ಬದಲಿಸುವ ಮುನ್ನ ಡ್ಯಾಶ್‌ಬೋರ್ಡಿನ ಹಿಂದಿನ ರೆಸಿಸ್ಟರ್ ಇದೆಯೇ ನೋಡಿ. ಕಾಯಿಲ್ಲಿಗೆ ಪೂರ್ತಿ 6 ವೋಲ್ಟ್ ಹೋಗಬಾರದು. ಹಿಂದಿನವರು ಅದನ್ನು ಬಿಟ್ಟು ನೇರ ವೈರ್ ಎಳೆದಿದ್ದರೆ ಹೊಸ ಕಾಯಿಲ್ಲೂ ಅದೇ ಗತಿ ಕಾಣುತ್ತದೆ. ಹಳೆಯ ಟೋಪಿಯನ್ನು ಎಸೆಯಬೇಡಿ, ಅದರೊಳಗೇ ಹೊಸ ಸುರುಳಿ ಕೂರಿಸಿ ಕೊಡುವವರಿದ್ದಾರೆ.

ಪೆಟ್ರೋಲ್

ಕಾರ್ಬುರೇಟರ್ ಒಣಗಿದ್ದು ಕಿಡಿ ನೀಲಿಯಿದ್ದರೆ ಈ ಕಡೆ ಬನ್ನಿ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದ ಸ್ವಲ್ಪ ಹೊತ್ತಿನಲ್ಲಿ ಧಾರೆ ಮರಳಿ ಬಂದರೆ ವೇಪರ್ ಲಾಕ್ ನಿಜ. ಬಟ್ಟೆ ಹಾಕದೆಯೂ ಅಷ್ಟೇ ಬೇಗ ಬಂದರೆ ಅನುಮಾನ ತುಕ್ಕಿನ ಮೇಲೆ. ಟ್ಯಾಂಕಿನೊಳಗಿನ ತುಕ್ಕಿನ ಚಕ್ಕೆಗಳು ಎಳೆತಕ್ಕೆ ಪೈಪಿನ ಬಾಯಿಗೆ ಬಂದು ಕೂರುತ್ತವೆ, ಎಂಜಿನ್ ನಿಂತಾಗ ಕೆಳಗೆ ಬೀಳುತ್ತವೆ. ಮಾಲೀಕರು ಅದನ್ನು 'ಆರಿದ ಮೇಲೆ ಸರಿಹೋಯಿತು' ಎಂದು ಓದುತ್ತಾರೆ. ಬೇರ್ಪಡಿಸುವ ಬಗೆ ಸುಲಭ. ತಂಪಾದ ಮುಂಜಾವಿನಲ್ಲಿ ಗಾಡಿಯನ್ನು ಒಂದೇ ಸಮ ವೇಗದಲ್ಲಿ ಓಡಿಸಿ. ಆಗಲೂ ನಿಂತರೆ ಬಿಸಿಯ ದೋಷವಲ್ಲ, ಟ್ಯಾಂಕ್ ಇಳಿಸಿ ತೊಳೆಯಿರಿ.

ನಿಜವಾದ ವೇಪರ್ ಲಾಕ್ ಯಾಕೆ ಆಗುತ್ತದೆ ಎಂದರೆ, ಇಲ್ಲಿ ಪೆಟ್ರೋಲನ್ನು ತಳ್ಳುವವರಿಲ್ಲ, ಎಳೆಯುವವರು ಮಾತ್ರ ಇದ್ದಾರೆ. ಪಂಪು ಟ್ಯಾಂಕಿನಿಂದ ಗಾಡಿಯ ಇಡೀ ಉದ್ದಕ್ಕೆ ಪೆಟ್ರೋಲ್ ಎಳೆದು ಮೇಲೆತ್ತಬೇಕು. ಎಳೆಯುವ ಕಡೆ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ಕಡಿಮೆ ಶಾಖದಲ್ಲೇ ಕುದಿಯುತ್ತದೆ. ಇಂದಿನ ಪೆಟ್ರೋಲ್ ತಯಾರಾಗುವುದು ಟ್ಯಾಂಕಿನೊಳಗೇ ಪಂಪ್ ಇಟ್ಟು ಒತ್ತಡದಲ್ಲಿ ತಳ್ಳುವ ಗಾಡಿಗಳಿಗಾಗಿ. ಅದರ ಮೇಲೆ ಬಂಕ್‌ಗಳಲ್ಲಿ ಈಗ ಸಿಗುವುದು 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಕುದಿಯುವುದು 78 ಡಿಗ್ರಿಯಲ್ಲಿ. ಹಳೆಯ ರಬ್ಬರ್, ಪಂಪಿನೊಳಗೆ ಪೆಟ್ರೋಲ್ ಎಳೆಯುವ ಪೊರೆಯಾದ ಡಯಾಫ್ರಾಮ್‌ಗಳನ್ನು ಅದು ಮೆತ್ತಗಾಗಿಸುತ್ತದೆ, ಟ್ಯಾಂಕಿನ ಗೋಡೆಗೆ ಅಂಟಿದ್ದ ಹಳೆಯ ಗಸಿಯನ್ನು ಸಡಿಲಿಸಿ ಪೈಪಿಗೆ ಕಳಿಸುತ್ತದೆ. ಎಥನಾಲ್ ತಾಳುವ ಡಯಾಫ್ರಾಮ್, ಹೊಸ್ ಪೈಪ್ ಹಾಕಿಸಿಕೊಳ್ಳುವುದು ಈಗ ಐಚ್ಛಿಕವಲ್ಲ.

ಎಳೆಯುವ ಕಡೆಯ ಹೊಸ್ ಪೈಪಿನಲ್ಲಿ ಕೂದಲೆಳೆಯ ಬಿರುಕಿದ್ದರೂ ಸಾಕು, ಪೆಟ್ರೋಲ್ ಬದಲು ಗಾಳಿ ಬರುತ್ತದೆ. ಹೊರಗೆ ಸೋರುವುದು ಕಾಣಿಸುವುದಿಲ್ಲ. ಪಂಪನ್ನು ನಡೆಸುವ ಸರಳಿನ (ಪುಷ್‌ರಾಡ್) ತುದಿ ಸವೆದಿದ್ದರೂ ಹೊಡೆತ ಗಿಡ್ಡವಾಗಿ, ತಂಪಿನಲ್ಲಿ ಸಾಲುವ ಪೆಟ್ರೋಲ್ ಬಿಸಿಯಲ್ಲಿ ಸಾಲದಾಗುತ್ತದೆ. ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಎಣ್ಣೆ ಪೆಟ್ರೋಲ್ ವಾಸನೆ ಹೊಡೆದರೆ ಡಯಾಫ್ರಾಮ್ ಹರಿದಿರಬಹುದು, ಗಾಡಿಯನ್ನು ಹಾಗೇ ಓಡಿಸಬೇಡಿ.

ಪರಿಹಾರದಲ್ಲಿ ನನ್ನ ಆಯ್ಕೆ ಹೀಗೆ. ಮೊದಲು ಸೋರಿಕೆ, ಪುಷ್‌ರಾಡ್ ಸರಿಪಡಿಸಿ. ನಂತರ ಕಾರ್ಬುರೇಟರಿನ ಕೆಳಗೆ ಶಾಖ ತಡೆಯುವ ದಪ್ಪ ಗ್ಯಾಸ್ಕೆಟ್. ಇನ್‌ಟೇಕ್ ಮ್ಯಾನಿಫೋಲ್ಡಿನ ಅಡಿಯಲ್ಲಿ ಹೊಗೆಯ ಬಿಸಿ ಹಾಯಿಸುವ ದಾರಿಯಿದ್ದರೆ ತೆಳು ತಗಡಿನಿಂದ ಮುಚ್ಚಬಹುದು. ಅದು ಹಿಮ ಬೀಳುವ ದೇಶದವರಿಗೆ ಬೇಕಾದದ್ದು, ನಮಗಲ್ಲ. ಇಷ್ಟಾದರೂ ತೊಂದರೆ ಉಳಿದರೆ ಮಾತ್ರ ಟ್ಯಾಂಕಿನ ಹತ್ತಿರ, ತಗ್ಗಿನಲ್ಲಿ, ಕಡಿಮೆ ಒತ್ತಡದ 6 ವೋಲ್ಟ್ ಎಲೆಕ್ಟ್ರಿಕ್ ಪಂಪ್. ಸ್ಟ್ರಾಂಬರ್ಗ್ 97ರಂಥ ಕಾರ್ಬುರೇಟರಿಗೆ ಎರಡೂವರೆ ಪಿಎಸ್‌ಐಗಿಂತ ಹೆಚ್ಚು ಕೊಟ್ಟರೆ ಸೂಜಿ ವಾಲ್ವ್ ಮೀರಿ ಉಕ್ಕುತ್ತದೆ. ಸ್ವಿಚ್ ಕೈಗೆಟಕುವಂತಿರಲಿ, ಘಾಟಿ ಹತ್ತುವಾಗ ಮಾತ್ರ ಹಾಕಿ. ಮೂಲ ಪಂಪನ್ನು ಕಿತ್ತು ಬಿಸಾಡಬೇಡಿ. ಈ ಕಾರುಗಳಲ್ಲಿ ಉಳಿದಿರುವ ಮೂಲ ಭಾಗಗಳೇ ಅವುಗಳ ಇತಿಹಾಸ.

ನೀರು

ಇದೂ ಎಳೆಯುವ-ತಳ್ಳುವ ಕಥೆಯೇ. 1932ರಿಂದ 1936ರವರೆಗೆ ಎರಡು ವಾಟರ್ ಪಂಪುಗಳೂ ಹೆಡ್ಡಿನ ಬಾಯಲ್ಲಿದ್ದವು, ಕಾದ ನೀರನ್ನೇ ಬ್ಲಾಕಿನಿಂದ ಎಳೆಯುತ್ತಿದ್ದವು. ಕುದಿಯುವ ಹತ್ತಿರವಿರುವ ನೀರನ್ನು ಎಳೆದರೆ ಪಂಪಿನ ರೆಕ್ಕೆಯ ಬಳಿ ಹಬೆಯಾಗುತ್ತದೆ. 1937ರಲ್ಲಿ ಫೋರ್ಡ್ ಅವನ್ನು ಬ್ಲಾಕಿನ ಮುಂಭಾಗಕ್ಕೆ ಇಳಿಸಿ, ತಣ್ಣೀರನ್ನು ಒಳಗೆ ತಳ್ಳುವಂತೆ ಮಾಡಿತು. ನಿಮ್ಮದು ಮೊದಲ ಬಗೆಯಾದರೆ ಮಿಕ್ಕೆಲ್ಲವೂ ಚೊಕ್ಕವಾಗಿರಬೇಕು. ನೀರು ತಡವಾಗಿ ಕುದಿಯುವಂತೆ ಮಾಡುವ ಒತ್ತಡದ ಮುಚ್ಚಳ ರೇಡಿಯೇಟರಿನಲ್ಲಿ ಇಲ್ಲದ ಕಾಲದ ಗಾಡಿಗಳಿವು. ಬೆಂಗಳೂರಿನ ಎತ್ತರದಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ, ಮಡಿಕೇರಿಯಲ್ಲಿ 96ಕ್ಕೆ, ಊಟಿಯಲ್ಲಿ 93ರ ಹತ್ತಿರ.

ಎರಡು ಸಾಲಿಗೂ ಪಂಪು, ಹೊಸ್ ಬೇರೆ ಬೇರೆ ಇರುವುದು ಪರೀಕ್ಷೆಗೆ ಅನುಕೂಲ. ಟೆಂಪರೇಚರ್ ಗನ್ ಹಿಡಿದು ಎರಡೂ ಹೆಡ್ಡುಗಳ ಶಾಖ ಹೋಲಿಸಿ. ಒಂದೇ ಸಾಲು ಎದ್ದು ಕಾಣುವಷ್ಟು ಬಿಸಿಯಿದ್ದರೆ ಆ ಕಡೆಯ ಪಂಪಿನ ರೆಕ್ಕೆ ಸವೆದಿದೆ, ಅಥವಾ ಹೊಸ್ ಒಳಗಿನ ಪದರ ಕಿತ್ತು ದಾರಿ ಮುಚ್ಚಿದೆ. ರೇಡಿಯೇಟರಿನ ಮುಖದ ಮೇಲೂ ಗನ್ ಆಡಿಸಿ, ತಣ್ಣಗಿರುವ ಪಟ್ಟಿಗಳು ಕಟ್ಟಿಕೊಂಡ ಕೊಳವೆಗಳು. ಬ್ಲಾಕಿನೊಳಗೆ ಎರಕದ ಕಾಲದ ಮರಳು, ತಂತಿ ತುಂಡು ಇಂದಿಗೂ ಸಿಗುತ್ತವೆ. ರೇಡಿಯೇಟರ್ ಮಾತ್ರ ತೊಳೆದು ಬ್ಲಾಕ್ ಬಿಟ್ಟರೆ ಅದೇ ಕೊಳೆ ಮತ್ತೆ ಬಂದು ಸೇರುತ್ತದೆ.

ತಣ್ಣಗಿರುವಾಗ ಫ್ಯಾನ್ ಬೆಲ್ಟ್ ತೆಗೆದು, ರೇಡಿಯೇಟರ್ ಬಾಯಿಯವರೆಗೆ ನೀರು ತುಂಬಿ, ಒಂದೇ ನಿಮಿಷ ಸ್ಟಾರ್ಟ್ ಮಾಡಿ ನೋಡಿ. ಗುಳ್ಳೆ ಏಳುತ್ತಾ ಹೋದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಲ್ಲವೇ ವಾಲ್ವ್ ಸೀಟಿಗೂ ಸಿಲಿಂಡರಿಗೂ ನಡುವೆ ಬ್ಲಾಕ್ ಬಿರುಕು ಬಿಟ್ಟಿದೆ. ಎರಡನೆಯದಾದರೆ ಅನುಭವಿ ಎಂಜಿನ್ ಕೆಲಸದವರ ಹತ್ತಿರವೇ ಹೋಗಿ.

ನೀರಿನ ಕಡೆ ಎಲ್ಲ ಸರಿಯಿದ್ದೂ ಕುದಿಯುತ್ತಿದ್ದರೆ ಚಕ್ರದ ಡ್ರಮ್ ಮುಟ್ಟಿ ನೋಡಿ, ಹುಷಾರಾಗಿ. 1938ರವರೆಗೆ ಫೋರ್ಡಿಗೆ ಹೈಡ್ರಾಲಿಕ್ ಬ್ರೇಕ್ ಇರಲಿಲ್ಲ. ರಾಡ್‌ಗಳನ್ನು ಬಿಗಿಯಾಗಿ ಹೊಂದಿಸಿದ್ದರೆ ಬ್ರೇಕ್ ಸದಾ ಹಿಡಿದುಕೊಂಡೇ ಇರುತ್ತದೆ, ಎಂಜಿನ್ ಸಪಾಟು ರಸ್ತೆಯಲ್ಲೂ ಘಾಟಿ ಹತ್ತುತ್ತಿರುತ್ತದೆ. ಟೈಮಿಂಗ್ ತಡವಾಗಿದ್ದರೂ ಶಾಖ ಏರುತ್ತದೆ, ಆದರೆ ಅದರ ಜೊತೆಗೆ ಪಿಕಪ್ಪೂ ಸತ್ತಿರುತ್ತದೆ.

ರಿಪೇರಿ ಆದ ಮೇಲೆ ಅದೇ ಹೊತ್ತಿನಲ್ಲಿ, ಅದೇ ಏರಿನಲ್ಲಿ, ಅಷ್ಟೇ ಜನ ಕೂತು ಓಡಿಸಿ ನೋಡಿ. ಒಂದು ಸುತ್ತಿಗೆ ಒಂದೇ ಭಾಗ ಬದಲಿಸಿ. ಬಿಚ್ಚಿದ ಹಳೆಯ ಕಂಡೆನ್ಸರಿಗೂ ಕಾಯಿಲ್ಲಿಗೂ ದಿನಾಂಕ ಬರೆದ ಚೀಟಿ ಕಟ್ಟಿ ಇಟ್ಟುಕೊಳ್ಳಿ. ಗಾಡಿಯಲ್ಲಿ ಯಾವಾಗಲೂ ಒಂದು ಪರೀಕ್ಷಿಸಿದ ಕಂಡೆನ್ಸರ್, ಒಂದು ಜೊತೆ ಪಾಯಿಂಟ್, ಎರಡು ಬಟ್ಟೆ, ನೀರಿನ ಕ್ಯಾನ್ ಮತ್ತು ಬೆಂಕಿ ಆರಿಸುವ ಸಿಲಿಂಡರ್ ಇರಲಿ.